ಕಾರು ಶೆಡ್ಡಿನ ಶಟರ್ ಮುಚ್ಚದಿದ್ದಾಗ: ದೋಷ ಎಲ್ಲಿದೆ, ಕೈ ಹಾಕಬಹುದಾದದ್ದು ಎಲ್ಲಿಯವರೆಗೆ?

ಮುಂಗಾರಿನ ಮೊದಲ ನಾಲ್ಕು ಮಳೆ ಬಿದ್ದ ಮೇಲೆ ಕರಾವಳಿಯ ಊರುಗಳಲ್ಲಿ ಕೊಡೆ ರಿಪೇರಿಯವರಿಗೆ ಬರುವಂಥ ಬೇಡಿಕೆಯೇ ಶಟರ್ ರಿಪೇರಿಯವರಿಗೂ ಬರುತ್ತದೆ. ಮೇ ತಿಂಗಳವರೆಗೆ ಒಂದೇ ಕೈಯಲ್ಲಿ ಇಳಿಯುತ್ತಿದ್ದ ಶಟರ್ ಜೂನಿನಲ್ಲಿ ಅರ್ಧಕ್ಕೆ ನಿಂತು ಹಠ ಹಿಡಿಯುತ್ತದೆ. ಇಲ್ಲವೇ ನೆಲ ಮುಟ್ಟಿದಂತೆ ಮಾಡಿ ಮತ್ತೆ ನಾಲ್ಕು ಬೆರಳು ಮೇಲೇಳುತ್ತದೆ. ರಾತ್ರಿ ಊಟ ಮುಗಿಸಿ ಬೀಗ ಹಾಕಲು ಬಂದ ಮನೆಯ ಯಜಮಾನ ಮೊದಲು ಕೈಯಿಂದ ಎಳೆಯುತ್ತಾನೆ, ಆಮೇಲೆ ಕಾಲಿನಿಂದ ಒದೆಯುತ್ತಾನೆ, ಕೊನೆಗೆ ಒಳಗಿನಿಂದ ಮಗನನ್ನು ಕರೆಯುತ್ತಾನೆ. ಇಬ್ಬರೂ ಸೇರಿ ಶಟರಿಗೆ ಜೋತುಬೀಳುತ್ತಾರೆ. ಅದು ಮುಚ್ಚಿಕೊಂಡರೆ ಆ ದಿನದ ಮಟ್ಟಿಗೆ ಸಮಸ್ಯೆ ಮುಗಿಯಿತು. ಆದರೆ ಒದೆತ ತಿಂದ ಪಟ್ಟಿ ಡೊಂಕಾಗಿರುತ್ತದೆ, ಜೋತುಬಿದ್ದ ಭಾರಕ್ಕೆ ಕೊಂಡಿಗಳು ಸಡಿಲಗೊಂಡಿರುತ್ತವೆ. ಐವತ್ತು ರೂಪಾಯಿಯ ಎಣ್ಣೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಸಾವಿರಗಳ ಲೆಕ್ಕಕ್ಕೆ ಹೋಗುವುದು ಹೀಗೆ.

ಹಣದ ಮಾತು ಹಾಗಿರಲಿ. ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಉಕ್ಕಿನ ಶಟರಿನ ಪರದೆಯೊಂದೇ ಸುಮಾರು ಎಪ್ಪತ್ತು ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಮನೆಯ ಅಜ್ಜಿಯೂ ಮೇಲೆತ್ತಬಲ್ಲಳು ಎಂದರೆ ಆ ಭಾರವನ್ನು ಬೇರೆ ಯಾವುದೋ ಶಕ್ತಿ ಹೊತ್ತುಕೊಂಡಿದೆ ಎಂದೇ ಅರ್ಥ. ಆ ಶಕ್ತಿ ಕೈಕೊಟ್ಟ ದಿನ ಕೆಳಗೆ ನಿಂತವರ ಗತಿ ಏನೆಂಬುದನ್ನು ಯೋಚಿಸಿದರೆ, ಮುಚ್ಚದ ಶಟರನ್ನು ಕೇವಲ ಬೀಗದ ಸಮಸ್ಯೆಯೆಂದು ಭಾವಿಸುವುದು ಸರಿಯಲ್ಲ ಎಂಬುದು ಮನವರಿಕೆಯಾಗುತ್ತದೆ.

ಶಟರಿನ ರಚನೆಯಲ್ಲಿ ಗುಟ್ಟೇನೂ ಇಲ್ಲ. ಸುಮಾರು 75ರಿಂದ 80 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿಗಳು ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಂಡು ಪರದೆಯಾಗುತ್ತವೆ. ಎರಡೂ ಪಕ್ಕದ ಗೋಡೆಗಳಿಗೆ ಬಿಗಿದ ಗೈಡ್ ಚಾನೆಲ್ಲುಗಳೊಳಗೆ ಈ ಪರದೆ ಜಾರುತ್ತದೆ. ಪಟ್ಟಿಗಳು ಅತ್ತಿತ್ತ ಸರಿಯದಂತೆ ಅವುಗಳ ತುದಿಯಲ್ಲಿ ಎಂಡ್ ಲಾಕ್ ಎಂಬ ಚಿಕ್ಕ ತುಂಡುಗಳಿರುತ್ತವೆ. ಕೆಳಗಡೆ ಅಗುಳಿ ಮತ್ತು ಹಿಡಿಗಳಿರುವ ದಪ್ಪನೆಯ ಬಾಟಂ ಪ್ಲೇಟ್. ಮೇಲೆ, ತಗಡಿನ ಪೆಟ್ಟಿಗೆಯೊಳಗೆ, ಗೋಡೆಯಿಂದ ಗೋಡೆಗೆ ಒಂದು ಪೈಪು. ಈ ಪೈಪು ತಿರುಗುವುದಿಲ್ಲ. ಅದನ್ನು ಯು-ಕ್ಲಾಂಪುಗಳಿಂದ ಬ್ರಾಕೆಟ್ಟಿಗೆ ಬಿಗಿದಿರುತ್ತಾರೆ. ತಿರುಗುವುದು ಅದರ ಮೇಲೆ ಕುಳಿತ ಚಕ್ರಗಳು. ಪರದೆಯ ಮೇಲ್ತುದಿ ಈ ಚಕ್ರಗಳಿಗೆ ಜೋಡಣೆಯಾಗಿರುತ್ತದೆ, ಚಕ್ರ ಮತ್ತು ಪೈಪುಗಳ ನಡುವೆ ಸ್ಪ್ರಿಂಗ್ ಇರುತ್ತದೆ.

ಶಟರ್ ಇಳಿದಂತೆಲ್ಲ ಚಕ್ರ ತಿರುಗಿ ಸ್ಪ್ರಿಂಗ್ ಬಿಗಿಯಾಗುತ್ತ ಹೋಗುತ್ತದೆ. ಇತ್ತ ಜೋತಾಡುವ ಪರದೆಯ ತೂಕವೂ ಹೆಚ್ಚುತ್ತ ಹೋಗುತ್ತದೆ. ಈ ಎರಡು ಏರಿಕೆಗಳು ಒಂದಕ್ಕೊಂದು ಸರಿದೂಗುವುದರಲ್ಲಿಯೇ ಶಟರಿನ ಜಾಣ್ಮೆಯೆಲ್ಲ ಅಡಗಿದೆ. ಶಟರ್ ಪೂರ್ತಿ ಮುಚ್ಚಿದ್ದಾಗ ಸ್ಪ್ರಿಂಗಿನ ಬಿಗಿ ಗರಿಷ್ಠ ಮಟ್ಟದಲ್ಲಿರುತ್ತದೆ ಎಂಬ ಸಂಗತಿಯನ್ನು ಮಾತ್ರ ನೆನಪಿನಲ್ಲಿಡಬೇಕು. ಮುಚ್ಚಿದ ಶಟರ್ ಸುಮ್ಮನೆ ನಿಂತಂತೆ ಕಂಡರೂ ಮೇಲಿನ ಪೆಟ್ಟಿಗೆಯೊಳಗೆ ಅದು ಸುಮ್ಮನಿರುವುದಿಲ್ಲ.

ಹೀಗಿರುವಾಗ ದೋಷವನ್ನು ಹುಡುಕಬೇಕಾದ ತಾಣಗಳು ಮುಖ್ಯವಾಗಿ ಮೂರೇ: ನೆಲ, ಪಕ್ಕದ ಗೈಡುಗಳು, ಮೇಲಿನ ಸ್ಪ್ರಿಂಗು. ಮೊದಲೆರಡರಲ್ಲಿ ಮನೆಯವರು ಧೈರ್ಯವಾಗಿ ಕೈಯಾಡಿಸಬಹುದು. ಮೂರನೆಯದನ್ನು ಗುರುತಿಸಬಹುದೇ ಹೊರತು ಮುಟ್ಟಬಾರದು.

ಗುರುತಿಸುವುದಕ್ಕೆ ಉಪಕರಣಗಳೂ ಬೇಕಿಲ್ಲ. ರಾತ್ರಿ ಶೆಡ್ಡಿನೊಳಗೆ ದೀಪ ಹಚ್ಚಿ, ಶಟರನ್ನು ಇಳಿಯುವಷ್ಟು ಇಳಿಸಿ, ಹೊರಗಿನಿಂದ ಅದರ ಕೆಳಗಿನ ಬೆಳಕಿನ ಗೆರೆಯನ್ನು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಬೆಳಕು ಒಂದು ಪಕ್ಕದಲ್ಲಿ ದಪ್ಪವಾಗಿ, ಇನ್ನೊಂದು ಪಕ್ಕಕ್ಕೆ ಹೋದಂತೆ ಸಣ್ಣದಾಗಿದ್ದರೆ ಶಟರ್ ವಾಲಿದೆ, ಇಲ್ಲವೇ ನೆಲವೇ ಕುಸಿದಿದೆ. ಯಾವುದೆಂದು ತಿಳಿಯಲು ಉದ್ದನೆಯ ನೇರ ಹಲಗೆಯೊಂದರ ಮೇಲೆ ರಸಮಟ್ಟವನ್ನಿಟ್ಟು ನೆಲವನ್ನು ಪರೀಕ್ಷಿಸಿದರೆ ಸಾಕು. ಬೆಳಕಿನ ಗೆರೆ ಉದ್ದಕ್ಕೂ ಸಮನಾಗಿದ್ದರೆ ಬಾಟಂ ಪ್ಲೇಟನ್ನು ಮೆಲ್ಲಗೆ ಒತ್ತಿ ನೋಡಬೇಕು. ಒತ್ತಿದರೆ ಇಳಿದು, ಬಿಟ್ಟರೆ ಏಳುವುದಾದರೆ ಅದು ಸ್ಪ್ರಿಂಗಿನ ಮಾತು. ಒತ್ತಿದರೂ ಇಳಿಯದಿದ್ದರೆ ಗೈಡಿನ ಬುಡದಲ್ಲಿ ಏನೋ ಅಡ್ಡ ಕುಳಿತಿದೆ, ಇಲ್ಲವೇ ಪರದೆಯೇ ಗಿಡ್ಡವಾಗಿದೆ.

ಪರದೆ ಗಿಡ್ಡವಾಗುವುದೆಂದರೆ ಹೇಗೆ ಎಂದು ಅಚ್ಚರಿಪಡಬೇಕಾಗಿಲ್ಲ. ಕರಾವಳಿಯಲ್ಲಿ ಮೊದಲು ತುಕ್ಕು ಹಿಡಿಯುವುದು ನೆಲದ ನೀರು ಸಿಡಿಯುವ ಕೆಳಗಿನ ಎರಡು ಮೂರು ಪಟ್ಟಿಗಳಿಗೆ. ಅವು ತೂತಾದಾಗ ಕೆಲವು ರಿಪೇರಿಯವರು ಹೊಸ ಪಟ್ಟಿ ಸೇರಿಸುವ ಬದಲು ಹಾಳಾದುದನ್ನು ಕತ್ತರಿಸಿ ತೆಗೆದು, ಬಾಟಂ ಪ್ಲೇಟನ್ನು ಉಳಿದ ಪರದೆಗೆ ಬೆಸೆದು ಕೊಡುತ್ತಾರೆ. ಎರಡು ಪಟ್ಟಿ ಹೋದರೆ ಸುಮಾರು ಆರು ಅಂಗುಲ ಹೋಯಿತು. ಪೆಟ್ಟಿಗೆಯೊಳಗೆ ಸುತ್ತಿಕೊಂಡಿದ್ದ ಹೆಚ್ಚುವರಿ ಪಟ್ಟಿಗಳು ಅಷ್ಟು ದಿನ ಈ ಕೊರತೆಯನ್ನು ತುಂಬಿಕೊಟ್ಟರೂ ಪರದೆ ಹಗುರವಾದದ್ದು ಸುಳ್ಳಾಗುವುದಿಲ್ಲ. ಹಳೆಯ ತೂಕಕ್ಕೆ ಹೊಂದಿಸಿದ್ದ ಸ್ಪ್ರಿಂಗು ಈಗ ಗೆಲ್ಲುತ್ತದೆ, ಶಟರ್ ತಾನಾಗಿ ಮೇಲೇಳುತ್ತದೆ. ರಿಪೇರಿಯೇ ರೋಗವಾಗುವ ಇಂಥ ಪ್ರಸಂಗಗಳು ಎಣಿಸಿದಷ್ಟು ಅಪರೂಪವಲ್ಲ. ಆದುದರಿಂದ ಶಟರ್ ತೊಂದರೆ ಕೊಡತೊಡಗಿದ್ದು ಕಳೆದ ರಿಪೇರಿಯ ಮೊದಲೋ ನಂತರವೋ ಎಂಬುದು ಮನೆಯವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇನ್ನು ಗೈಡುಗಳ ವಿಚಾರ. ಮಳೆಗಾಲದ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ನೆಲದಲ್ಲಿ ಅಂಗಳದ ಕೆಂಪು ಮಣ್ಣು ಹರಿದುಬಂದು ಸೇರುವ ಮೂಲೆ ಎಂದರೆ ಗೈಡಿನ ಬುಡ. ಅಲ್ಲಿ ಕೂತ ಮಣ್ಣು ಬಿಸಿಲಿಗೆ ಒಣಗಿ ಮುರಕಲ್ಲಿನಷ್ಟೇ ಗಟ್ಟಿಯಾಗುತ್ತದೆ. ಅದರ ಮೇಲೆ ಶಟರ್ ಬಂದು ಕೂರುತ್ತದೆ. ಅಗುಳಿಗೆ ಅದರ ತೂತು ಸಿಗುವುದಿಲ್ಲ. ಇದಕ್ಕೆ ಹಳೆಯ ಸ್ಕ್ರೂಡ್ರೈವರು, ಒಂದು ಕುಂಚ ಸಾಕು. ಕೆಲವೊಮ್ಮೆ ಅಡ್ಡಿ ನಡುಮಧ್ಯದಲ್ಲಿರುತ್ತದೆ: ರಜೆಗೆಂದು ಮನೆಯವರು ಎರಡು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಕುಂಬಾರ ಹುಳು ಗೈಡಿನೊಳಗೆ ಮಣ್ಣಿನ ಮನೆ ಕಟ್ಟಿ ಮುಗಿಸಿರುತ್ತದೆ. ಮೇಲಿನ ಪೆಟ್ಟಿಗೆಯೊಳಗೆ ಕಡಜದ ಗೂಡಿರುವುದೂ ಉಂಟು. ಟಾರ್ಚು ಹಾಕಿ ನೋಡದೆ ಅಲ್ಲಿಗೆ ಕೈ ನೀಡುವುದು ಯಾವ ಕಾರಣಕ್ಕೂ ತರವಲ್ಲ.

ಗೈಡು ಸ್ವಚ್ಛವಾಗಿದ್ದರೂ ಪರದೆ ಒಂದೇ ಎತ್ತರದಲ್ಲಿ ಪ್ರತಿಬಾರಿಯೂ ನಿಲ್ಲುವುದಾದರೆ ಟೇಪು ಹಿಡಿದು ಅಳೆಯಬೇಕು. ಎರಡು ಗೈಡುಗಳ ನಡುವಿನ ಅಂತರವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು ಹೋಲಿಸಿದರೆ ಬಾಗಿದ್ದು ಎಲ್ಲಿ ಎಂಬುದು ತಿಳಿಯುತ್ತದೆ. ಬಹುತೇಕ ಅದು ಕಾರಿನ ಬಂಪರಿನ ಎತ್ತರದಲ್ಲಿಯೇ ಇರುತ್ತದೆ ಎಂಬುದನ್ನು ಮನೆಯಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ, ಅದು ಬೇರೆ ಮಾತು. ಸಣ್ಣ ಬಾಗನ್ನು ಒಳಗಿನಿಂದ ಮರದ ತುಂಡು ಕೊಟ್ಟು, ಅದರ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರಗೊಳಿಸಬಹುದು. ನೇರವಾಗಿ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಬಾಗು ಹೋಗಿ ತಗ್ಗು ಬರುತ್ತದೆ. ಮುರಕಲ್ಲಿನ ಗೋಡೆಗಳಲ್ಲಿ ಇನ್ನೊಂದು ತೊಂದರೆಯಿದೆ. ಗೈಡನ್ನು ಕಾಂಕ್ರೀಟಿನೊಳಗೆ ಹೂಳದೆ ಕಲ್ಲಿಗೇ ಬೋಲ್ಟು ಹೊಡೆದು ನಿಲ್ಲಿಸಿದ್ದರೆ, ನೀರು ಕುಡಿದ ಕಲ್ಲು ಕಾಲಕ್ರಮದಲ್ಲಿ ಬೋಲ್ಟನ್ನು ಬಿಟ್ಟುಕೊಡುತ್ತದೆ. ಗೈಡಿಗೇ ಅಲುಗಾಟ ಬರುತ್ತದೆ. ಗೈಡನ್ನು ಹಿಡಿದು ಅಲ್ಲಾಡಿಸಿದಾಗ ಗೋಡೆಯಿಂದ ಪುಡಿ ಉದುರಿದರೆ ಎಣ್ಣೆಯಿಂದ ಉಪಯೋಗವಿಲ್ಲ, ಗಾರೆಯವರನ್ನೇ ಕರೆಸಬೇಕು. ಪಕ್ಕದ ಗೈಡಿಗೆ ಹೀಗಾಗಿದ್ದರೆ ಅದೇ ಗೋಡೆಯಲ್ಲಿ ಪೂರಾ ಭಾರ ಹೊತ್ತ ಮೇಲಿನ ಬ್ರಾಕೆಟ್ಟಿನ ಸ್ಥಿತಿಯನ್ನೂ ಅವರಿಂದ ನೋಡಿಸುವುದು ಅಗತ್ಯ.

ಪಟ್ಟಿಗಳು ಅಡ್ಡ ಸರಿಯುವುದು ಮತ್ತೊಂದು ಸಾಮಾನ್ಯ ಕಾರಣ. ಎಂಡ್ ಲಾಕ್ ಕಳಚಿದ ಪಟ್ಟಿ ದಿನಕ್ಕೊಂದಿಷ್ಟು ಜರುಗುತ್ತ ಗೈಡಿನ ಒಳಗೋಡೆಯನ್ನು ಕೆರೆಯುತ್ತದೆ. ಗೈಡಿನಲ್ಲಿ ಬಣ್ಣ ಹೋಗಿ ಹೊಳೆಯುವ ಗೀರು ಕಂಡರೆ ಇದೇ ದೋಷವೆಂದು ತಿಳಿಯಬಹುದು. ಅದು ಒಂದು ಪಕ್ಕ ಕೆರೆಯುವಾಗ ಇನ್ನೊಂದು ಪಕ್ಕ ಗೈಡಿನಿಂದ ಹೊರಬರುವ ಹಂತದಲ್ಲಿರುತ್ತದೆ. ಪಟ್ಟಿಯ ತುದಿ ಒಂದೂವರೆ ಅಂಗುಲದಷ್ಟಾದರೂ ಗೈಡಿನೊಳಗೆ ಇರಬೇಕಾದದ್ದು ಅವಶ್ಯ. ಶಟರ್ ಪೂರ್ತಿ ಇಳಿದಿರುವಾಗ ಸರಿದ ಪಟ್ಟಿಯನ್ನು ಮರದ ತುಂಡಿನಿಂದ ತಟ್ಟಿ ಸ್ವಸ್ಥಾನಕ್ಕೆ ತರಬಹುದು. ಆದರೆ ಎಂಡ್ ಲಾಕನ್ನು ಮತ್ತೆ ಹಾಕಿಸದಿದ್ದರೆ ಅದು ಪುನಃ ಹೊರಟೇ ಹೊರಡುತ್ತದೆ.

ಎಣ್ಣೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಗೈಡಿಗೆ ಗ್ರೀಸು ಬಳಿಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಅಭ್ಯಾಸ. ಅದು ತಪ್ಪು. ಬಯಲಿಗೆ ತೆರೆದ ಗೈಡಿನಲ್ಲಿ ಗ್ರೀಸು ಧೂಳನ್ನು ಹಿಡಿದಿಟ್ಟುಕೊಂಡು ಆರು ತಿಂಗಳೊಳಗೆ ಕಪ್ಪು ಮೇಣದಂತಾಗುತ್ತದೆ, ತಾನೇ ಅಡ್ಡಿಯಾಗುತ್ತದೆ. ತೆಂಗಿನೆಣ್ಣೆಯೂ ಕಾಲಾಂತರದಲ್ಲಿ ಅಂಟಾಗುತ್ತದೆ. ಸೀಮೆಎಣ್ಣೆ ತೋಯಿಸಿದ ಬಟ್ಟೆಯಿಂದ ಹಳೆಯ ಜಿಡ್ಡನ್ನೆಲ್ಲ ತೆಗೆದು, ಒಣಗಿಸಿ, ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆಯನ್ನು ಬಟ್ಟೆಯಿಂದ ಸವರಿದರೆ ಸಾಕು. ಅದಕ್ಕಿಂತಲೂ ಸುಲಭದ ಉಪಾಯ, ಗೈಡಿನ ಒಳಮೈಗೆ ಮೇಣದಬತ್ತಿಯನ್ನು ಉಜ್ಜುವುದು. ಮೇಣ ಜಾರಿಸುತ್ತದೆ, ಧೂಳನ್ನು ಅಷ್ಟಾಗಿ ಕರೆಯುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಸಿಲಿಕೋನ್ ಸ್ಪ್ರೇ ಕೂಡ ಒಳ್ಳೆಯದೇ.

ಈಗ ಸ್ಪ್ರಿಂಗಿನ ಕಡೆಗೆ. ಶಟರನ್ನು ಸೊಂಟದ ಎತ್ತರಕ್ಕೆ ತಂದು, ಹಿಡಿಯ ಮೇಲಿನ ಕೈಯನ್ನು ಪೂರ್ತಿ ತೆಗೆಯದೆ ನಿಧಾನವಾಗಿ ಸಡಿಲಿಸಿ ನೋಡುವುದು ಬಲ್ಲವರು ಮಾಡುವ ಪರೀಕ್ಷೆ. ಪಾದಗಳು ಶಟರಿನ ಕೆಳಗಿರಕೂಡದು, ಬೆರಳುಗಳು ಪಟ್ಟಿಗಳ ಸಂದಿಯಲ್ಲಿರಕೂಡದು, ಮಕ್ಕಳು ಹತ್ತಿರದಲ್ಲಿರಕೂಡದು. ಆರೋಗ್ಯವಂತ ಶಟರ್ ಅಲ್ಲಿಯೇ ನಿಲ್ಲುತ್ತದೆ. ಮೇಲಕ್ಕೆ ಓಡಿದರೆ ಬಿಗಿ ಹೆಚ್ಚಾಗಿದೆ, ಕೆಳಕ್ಕೆ ಕುಸಿದರೆ ಸ್ಪ್ರಿಂಗು ಸೋತಿದೆ ಎಂದರ್ಥ. ಮೊದಲೇ ಶಟರ್ ಎತ್ತಲಾರದಷ್ಟು ಭಾರವಾಗಿದ್ದರೆ ಈ ಪರೀಕ್ಷೆಯ ಗೊಡವೆಗೇ ಹೋಗಬಾರದು. ಹಿಂದಿನ ರಾತ್ರಿ ಶೆಡ್ಡಿನ ಕಡೆಯಿಂದ ಪಟಾಕಿ ಸಿಡಿದಂಥ ಸದ್ದು ಕೇಳಿ, ಬೆಳಿಗ್ಗೆ ಶಟರ್ ಒಂದು ಪಕ್ಕಕ್ಕೆ ವಾಲಿದ್ದರೆ ಇರುವ ಸ್ಪ್ರಿಂಗುಗಳಲ್ಲಿ ಒಂದು ತುಂಡಾಗಿರುವುದು ಬಹುತೇಕ ನಿಶ್ಚಿತ. ಉಳಿದವು ತಮ್ಮ ಪಾಲಿಗಿಂತ ಹೆಚ್ಚಿನ ಭಾರ ಹೊತ್ತು ನಿಂತಿರುತ್ತವೆ.

ಸ್ಪ್ರಿಂಗಿನ ಬಿಗಿಯನ್ನು ಹೊಂದಿಸುವ ವಿಧಾನ ನೋಡಲು ಸರಳ. ಯು-ಕ್ಲಾಂಪಿನ ನಟ್ಟು ಸಡಿಲಿಸಿ, ಪೈಪು ಪಾನಾ ಹಾಕಿ ನಡುವಿನ ಪೈಪನ್ನು ಸುತ್ತುಗಟ್ಟಲೆ ತಿರುಗಿಸಿ, ಮತ್ತೆ ನಟ್ಟು ಬಿಗಿಯುವುದು. ನುರಿತ ಕೆಲಸಗಾರರು ಇಬ್ಬರು ಸೇರಿ ಇದನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಅವರನ್ನು ನೋಡಿ, ಇಷ್ಟೇ ತಾನೆ ಎಂದು ಏಣಿ ಹತ್ತುವವರು ಮರೆಯುವುದೇನೆಂದರೆ, ನಟ್ಟು ಸಡಿಲಿಸಿದ ಗಳಿಗೆಯಿಂದ ಆ ಪೈಪನ್ನು ತಡೆದು ನಿಲ್ಲಿಸಿರುವುದು ಪಾನಾ ಹಿಡಿದ ಕೈ ಮಾತ್ರ. ಕೈ ಜಾರಿದರೆ ಪಾನಾ ಪೈಪಿನ ಜೊತೆಗೇ ಗಿರ್ರನೆ ತಿರುಗುತ್ತದೆ. ಮಣಿಕಟ್ಟು, ದವಡೆ, ಕಣ್ಣು ಯಾವುದು ಎದುರಿಗಿದ್ದರೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಏಣಿಯ ಮೇಲಿನಿಂದ ಬೀಳುವ ಪೆಟ್ಟು ಇದರ ಮೇಲೆ ಬೇರೆ. ಹಣ ಉಳಿಸಬಹುದಾದ ಕೆಲಸಗಳು ಮನೆಯಲ್ಲಿ ಬೇಕಾದಷ್ಟಿವೆ, ಇದು ಅವುಗಳಲ್ಲಿ ಒಂದಲ್ಲ. ತಾನಾಗಿ ಏಳುವ ಶಟರಿಗೆ ಬಾಟಂ ಪ್ಲೇಟಿನ ಮೇಲೆ ಕಲ್ಲು ಕಟ್ಟುವುದು, ಅಗುಳಿಯ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವುದು ಮುಂತಾದ ಉಪಾಯಗಳೂ ಬಳಕೆಯಲ್ಲಿವೆ. ಅವು ದೋಷವನ್ನು ಮರೆಮಾಚುತ್ತವೆಯಲ್ಲದೆ ನಿವಾರಿಸುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಮೋಟಾರು ಜೋಡಿಸಿದ ಶಟರುಗಳು ಮನೆಗಳಿಗೂ ಬಂದಿವೆ. ಇವು ಪೂರ್ತಿ ಮುಚ್ಚದೆ ಪ್ರತಿದಿನವೂ ಒಂದೇ ಎತ್ತರದಲ್ಲಿ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಲಿಮಿಟ್ ಸ್ವಿಚ್ಚು. ಇಲ್ಲಿಗೆ ನಿಲ್ಲು ಎಂದು ಮೋಟಾರಿಗೆ ಹೇಳುವ ಈ ಪುಟ್ಟ ಸ್ವಿಚ್ಚು ಅದುರಾಟಕ್ಕೆ ಸರಿದಿರುತ್ತದೆ. ತಯಾರಕರ ಕೈಪಿಡಿಯನ್ನು ನೋಡಿಕೊಂಡು ಹೊಂದಿಸಬಹುದಾದ ಸಂಗತಿಯಿದು. ಆದರೆ ಮುಖ್ಯ ಸ್ವಿಚ್ಚನ್ನು ಆರಿಸಿಯೇ ಪೆಟ್ಟಿಗೆ ತೆರೆಯಬೇಕು. ಮಳೆಗಾಲದಲ್ಲಿ ಇಂಥ ಶಟರನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದಾದರೆ ಅದು ಅಲಕ್ಷಿಸುವ ವಿಷಯವೇ ಅಲ್ಲ. ಮೋಟಾರಿನಿಂದ ಸೋರಿದ ವಿದ್ಯುತ್ತು ಇಡೀ ಕಬ್ಬಿಣದ ಪರದೆಯಲ್ಲಿ ಹರಡಿರುತ್ತದೆ, ಕೆಳಗೆ ನೀರು ನಿಂತಿರುತ್ತದೆ. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಮೋಟಾರು ಶಟರಿನ ಲೈನಿಗೆ ಅರ್ತಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮಳೆ ಬರುವ ಮೊದಲೇ ಹಾಕಿಸಿಕೊಳ್ಳುವುದು ಜಾಣತನ.

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಅಲ್ಲಿನ ಗ್ಯಾರೇಜಿನ ಬಾಗಿಲು ಅರ್ಧ ಇಳಿದು ತಾನಾಗಿ ಮೇಲಕ್ಕೆ ಹೋಗುವುದನ್ನು ಕಂಡಿರಬಹುದು. ಅದು ಬಾಗಿಲಿನ ಹಠವಲ್ಲ. ಬಾಗಿಲಿನ ಎರಡೂ ಪಕ್ಕ, ನೆಲದಿಂದ ಆರು ಅಂಗುಲದೊಳಗಿನ ಎತ್ತರದಲ್ಲಿ, ಒಂದನ್ನೊಂದು ನೋಡುವ ಎರಡು ವಿದ್ಯುತ್ ಕಣ್ಣುಗಳಿರುತ್ತವೆ. ನಡುವಿನ ಕಿರಣವನ್ನು ಏನಾದರೂ ತಡೆದರೆ ಬಾಗಿಲು ಹಿಂದಿರುಗುತ್ತದೆ. ಜೇಡರ ಬಲೆ, ಧೂಳು, ಕಸದ ಡಬ್ಬಿ ತಾಗಿ ಓರೆಯಾದ ಕಣ್ಣು, ಇಳಿಹೊತ್ತಿನಲ್ಲಿ ನೇರ ಬೀಳುವ ಬಿಸಿಲು ಇವೆಲ್ಲವೂ ಅದಕ್ಕೆ ಅಡ್ಡಿಯಂತೆಯೇ ತೋರುತ್ತವೆ. ಒಣ ಬಟ್ಟೆಯಿಂದ ಒರೆಸಿ ಎರಡನ್ನೂ ಎದುರುಬದುರು ಮಾಡಿದರೆ ಬಾಗಿಲು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಕಿರಿಕಿರಿಯೆಂದು ಈ ಕಣ್ಣುಗಳನ್ನು ಕಿತ್ತು ಒಂದಕ್ಕೊಂದು ಎದುರಾಗಿ ಅಂಟಿಸಿ ಮೇಲಿಟ್ಟುಬಿಡುವವರೂ ಇದ್ದಾರೆ. ಅವು ಅಲ್ಲಿಗೆ ಬಂದ ಕಾರಣವನ್ನು ತಿಳಿದರೆ ಯಾರೂ ಹಾಗೆ ಮಾಡಲಾರರು. 1982ರಿಂದ ಮುಂದಿನ ವರ್ಷಗಳಲ್ಲಿ ಸ್ವಯಂಚಾಲಿತ ಗ್ಯಾರೇಜು ಬಾಗಿಲುಗಳ ಕೆಳಗೆ ಸಿಲುಕಿ ಸುಮಾರು 60 ಮಕ್ಕಳು ಸತ್ತ ವರದಿಗಳು ಆ ದೇಶದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಬಂದಿದ್ದವು. 1990ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಬಾಗಿಲು ಯಂತ್ರಗಳೆಲ್ಲವೂ ಸಿಲುಕಿದವರನ್ನು ರಕ್ಷಿಸುವ ವ್ಯವಸ್ಥೆ ಹೊಂದಿರಲೇಬೇಕೆಂದಾಯಿತು.

ನಮ್ಮಲ್ಲಿ ಉಕ್ಕಿನ ಶಟರುಗಳಿಗೆ ಐಎಸ್ 6248 ಎಂಬ ಮಾನಕ ಇದೆ. ಆದರೆ ಊರಿನ ವರ್ಕ್‌ಶಾಪಿನಲ್ಲಿ ಶಟರ್ ಮಾಡಿಸುವವರು ಪಟ್ಟಿಯ ದಪ್ಪ ಮತ್ತು ಬೆಲೆಯ ಹೊರತು ಬೇರೇನನ್ನೂ ವಿಚಾರಿಸುವುದು ಕಡಿಮೆ. ಮೋಟಾರು ಶಟರುಗಳಲ್ಲಿ ಅನೇಕವು ಕೆಳಗೆ ಮಗುವಿದ್ದರೂ ಇಳಿಯುತ್ತಲೇ ಹೋಗುವಂಥವು. ವಿದ್ಯುತ್ ಕಣ್ಣನ್ನು ಪ್ರತ್ಯೇಕವಾಗಿ ಕೇಳಿ ಹಾಕಿಸಿಕೊಳ್ಳಬಹುದು. ರಿಮೋಟನ್ನು ಮಕ್ಕಳ ಆಟಿಕೆಯಾಗಲು ಬಿಡದಿರುವುದಕ್ಕೆ ಖರ್ಚೇ ಇಲ್ಲ.

ರಿಪೇರಿಯವರು ಬರುವುದು ನಾಳೆಯೆಂದಾದರೆ ಈ ರಾತ್ರಿಯ ಪಾಡೇನು? ಶಟರ್ ಕೆಳಗೆ ಸಿಕ್ಕಿಕೊಂಡಿದ್ದರೆ ಹಾಗೆಯೇ ಬಿಡುವುದು ಒಳ್ಳೆಯದು. ಅರ್ಧದಲ್ಲಿ ನಿಂತಿದ್ದರೆ ಕಾರು ಹೊರಗೆ ತೆಗೆಯುವ ಅವಸರದಲ್ಲಿ ಅದರ ಕೆಳಗೆ ಯಾರೂ ನುಸುಳಬಾರದು. ಮೊದಲು ಎರಡೂ ಗೈಡುಗಳ ಪಕ್ಕದಲ್ಲಿ ಬಾಟಂ ಪ್ಲೇಟಿನ ಕೆಳಗೆ ಗಟ್ಟಿ ಮರದ ಆಸರೆ ಕೊಡಬೇಕು, ಮಕ್ಕಳನ್ನೂ ನಾಯಿಯನ್ನೂ ಆ ಕಡೆ ಬಿಡದಂತೆ ಅಡ್ಡವಾಗಿ ಏನನ್ನಾದರೂ ಇಡಬೇಕು. ಮೋಟಾರಿದ್ದರೆ ಅದರ ಸ್ವಿಚ್ಚು ಆರಿರಬೇಕು.

ಕೆಲಸಗಾರರಿಗೆ ಫೋನು ಮಾಡುವಾಗ, ಶಟರ್ ಕೆಟ್ಟಿದೆ ಎನ್ನುವುದರ ಬದಲು ಕಂಡದ್ದನ್ನು ಕಂಡ ಹಾಗೆ ಹೇಳುವುದು ಲಾಭಕರ: ಎಡಗಡೆ ಮೂರು ಅಂಗುಲ ಮೇಲಿದೆ, ಒತ್ತಿದರೆ ಇಳಿಯುತ್ತದೆ, ಹೋದ ವರ್ಷ ಎರಡು ಪಟ್ಟಿ ತೆಗೆದಿದ್ದಾರೆ, ಹೀಗೆ. ಆಗ ಬೇಕಾದ ಸ್ಪ್ರಿಂಗನ್ನೋ ಪಟ್ಟಿಯನ್ನೋ ತೆಗೆದುಕೊಂಡೇ ಬರುತ್ತಾರೆ, ಎರಡನೆಯ ಓಡಾಟದ ಖರ್ಚು ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಸೊಂಟದೆತ್ತರದ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿ ನೋಡಬೇಕು. ಅವರು ಏಣಿ ಇಳಿಯುವ ಮುನ್ನ ಯು-ಕ್ಲಾಂಪಿನಿಂದ ಪೈಪಿಗೆ ಅಡ್ಡಲಾಗಿ ಬಣ್ಣದಲ್ಲಿ ಒಂದು ಗೆರೆ ಎಳೆಸಿದರೆ ಇನ್ನೂ ಒಳ್ಳೆಯದು. ಮುಂದಿನ ಮಳೆಗಾಲದಲ್ಲಿ ಶಟರ್ ಮತ್ತೆ ತಕರಾರು ಮಾಡಿದಾಗ ಕೆಳಗೆ ನಿಂತು ಟಾರ್ಚು ಬಿಟ್ಟರೆ ಸಾಕು. ಗೆರೆ ಎರಡು ತುಂಡಾಗಿ ಬೇರೆಬೇರೆ ಕಡೆ ಕಂಡರೆ ಪೈಪು ಜಾರಿದೆ. ಒಂದೇ ಗೆರೆಯಾಗಿದ್ದರೆ ಹುಡುಕಾಟವನ್ನು ಗೈಡಿನ ಬುಡದ ಮಣ್ಣಿನಿಂದ ಪ್ರಾರಂಭಿಸಬಹುದು.